ನಾಲ್ಕನೇ ಕೋಣೆಯ ಫಲಕ

ವೂಚ್ ಅಂದರೆ ನಮ್ಮ ಭಾಷೆಯಲ್ಲಿ ದೋಣಿ.
ದೋಣಿ ತೇಲುವಂಥ ನದಿ ಈ ಊರಲ್ಲಿಲ್ಲ.
ಇದ್ದ ಹಳ್ಳಗಳಿಗೂ ಗಿರಣಿಗಳು
ಬಣ್ಣದ ನೀರು ಕುಡಿಸಿ ಕುಡಿಸಿ
ಕೊನೆಗೆ ಬೀದಿಯಡಿಗೆ ತಳ್ಳಿದವು.
ಆದರೂ ಹೆಸರು ಹೆಸರೇ.
ಹಾಗಾಗಿ ನನಗೊಪ್ಪಿಸಿದ ಕೆಲಸ ಸುಲಭ ಅಂದುಕೊಂಡೆ:
ವಸ್ತುಸಂಗ್ರಹಾಲಯದ ನಾಲ್ಕನೇ ಕೋಣೆಗೆ
ಒಂದು ಫಲಕ, ನೆತ್ತಿಯಲ್ಲಿ ಒಂದೇ ಪದ,
ಶುಕ್ರವಾರದೊಳಗೆ.

ಮೊದಲ ಮೂರಕ್ಕೆ ತಕರಾರಿರಲಿಲ್ಲ.
ಬಿಟ್ಟಿ ಚಾಕರಿ: ಮರದ ನೇಗಿಲು, ಚಾಟಿ,
ಒಡೆಯನ ಹೊಲಕ್ಕೆ ವಾರದಲ್ಲಿ ನಾಲ್ಕು ದಿನ ಎಂದು
ಕೋಲಿನ ಮೇಲೆ ಕೊರೆದ ಗೀರು.
ಬಂಡವಾಳ: ಧಣಿಯ ತೈಲಚಿತ್ರ, ಗಡಿಯಾರದ ಸರಪಳಿ,
ಹನ್ನೊಂದು ವರ್ಷದ ಹುಡುಗಿಯ ಹಾಜರಿ ಚೀಟಿ.
ಸಮಾಜವಾದ: ಅದೇ ಗಿರಣಿ, ಅದೇ ಮಗ್ಗ,
ತೈಲಚಿತ್ರ ತೆಗೆದ ಮೊಳೆಗೆ ಬೇರೆ ಚಿತ್ರ,
ಮಾಂಸಕ್ಕೆ ರೇಷನ್ ಕಾರ್ಡು, ಮತ್ತು
ನನ್ನ ಅಮ್ಮನ ಪದಕ, ಕಿಲುಬು ಹಿಡಿದದ್ದು.

ನಾಲ್ಕನೆಯದರಲ್ಲಿ ಸದ್ಯಕ್ಕೆ
ಒಂದು ಬೆನ್ನುಚೀಲ ಇಟ್ಟಿದ್ದೇವೆ. ಚೌಕಾಕಾರ, ಹಳದಿ, ಹೊಲಿಗೆ ಬಿಟ್ಟಿದೆ.
ಬಖ್ತಿಯೋರ್ ಕೊಟ್ಟದ್ದು. ಸಮರ್ಖಂಡದ ಹತ್ತಿರದವನು,
ನಮ್ಮ ಕೆಳಗಿನ ಮಹಡಿಯಲ್ಲಿ ಐದು ಜನರ ಜೊತೆ ಮಲಗುತ್ತಾನೆ.
ಹೆಸರಿನ ಅರ್ಥ ಭಾಗ್ಯವಂತ ಎಂದು ಹೇಳಿ ತಾನೇ ನಕ್ಕ.
ಸೈಕಲ್ ತನ್ನದು, ಮಂಡಿ ತನ್ನದು, ಕೆಮ್ಮೂ ತನ್ನದೇ.
ಕೆಲಸ ಕರೆಯುವ ಖಾತೆ ಮಾತ್ರ ಬಾಡಿಗೆಯದು,
ವಾರವಾರ ಗೇಣಿ, ನಡುವಿನವನಿಗೆ.
ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ.
"ದೇವರನ್ನು ನೋಡಿದ್ದೀಯಾ?" ಎಂದೆ.
"ಇಲ್ಲ. ನಕ್ಷತ್ರ ಮಾತ್ರ. ನಾಲ್ಕೂವರೆಗಿಂತ ಕಡಿಮೆಯಾದರೆ
ಕತ್ತಲು."

ಸಲಹೆಗೆಂದು ವಿಶ್ವವಿದ್ಯಾಲಯದಿಂದ ಲುದ್ವಿಕಾ ಬಂದಳು.
"ಬಂಡವಾಳಶಾಹಿ ಸತ್ತಾಯಿತು," ಎಂದಳು, ಕೋಟು ಬಿಚ್ಚುವ ಮೊದಲೇ.
"ಅದಕ್ಕೆ ಸಂತೆ ಬೇಕಿತ್ತು. ಈಗ ಸಂತೆಯ ನೆಲವೇ ಒಬ್ಬನದು,
ಕೊಳ್ಳುವವ ಮಾರುವವ ಇಬ್ಬರೂ
ಸುಂಕ ಕಟ್ಟಿ ಒಳಗೆ ಬರಬೇಕು.
ಇದು ಲಾಭವಲ್ಲ, ಗೇಣಿ.
ನಿಮ್ಮ ಮೊದಲ ಕೋಣೆಗೇ ಇಲ್ಲಿಂದೊಂದು ಬಾಗಿಲು ಒಡೆಸಿ."
ಚೆನ್ನಾಗಿತ್ತು. ಬರೆದುಕೊಂಡೆ: ಹೊಸ ಪಾಳೆಯಗಾರಿಕೆ.
ಆಮೇಲೆ ಅನುಮಾನ.
ಆ ಒಡೆಯ, ಒಕ್ಕಲು ಓಡಿಹೋದರೆ
ನಾಯಿ ಬಿಟ್ಟು ಹುಡುಕಿಸುತ್ತಿದ್ದ.
ಬಖ್ತಿಯೋರ್ ನಾಳೆ ಬಾರದಿದ್ದರೆ
ಹುಡುಕಲು ಒಂದು ನಾಯಿಯೂ ಇಲ್ಲ.

ವಿನ್ಸೆಂಟಿಗೆ ನಗು. ಎಪ್ಪತ್ತೆಂಟು ವರ್ಷ,
ಎರಡನೇ ಕೋಣೆಯ ಮಗ್ಗ ಓಡಿಸಿ ತೋರಿಸುವವನು,
ಒಂದು ಕಿವಿ ಆ ಸದ್ದಿಗೇ ಸಂದಾಯ.
"ಪೊರೆ ಬಿಟ್ಟ ಮಾತ್ರಕ್ಕೆ ಹೊಸ ಹಾವೇನೆ?
ಒಬ್ಬರ ಬೆವರು, ಇನ್ನೊಬ್ಬರ ಪೆಟ್ಟಿಗೆ.
ಅದೇ ಲಾಳಿ, ಸದ್ದು ಕಮ್ಮಿ, ಅಷ್ಟೆ."
ಅದಕ್ಕೂ ತಲೆಯಾಡಿಸಿದೆ.
ಬರೆದದ್ದನ್ನು ಹೊಡೆದುಹಾಕಿದೆ.

ಗುರುವಾರ ರಾತ್ರಿ ಕಡತ ತೆರೆಯಲಿಲ್ಲ.
ಫಲಕ ರೂಪಿಸುವ ತಂತ್ರಾಂಶದ ಚಂದಾ ಮುಗಿದಿದೆಯಂತೆ,
ಕಟ್ಟಿದರೆ ನನ್ನ ಅಕ್ಷರ ನನಗಂತೆ.
ನಾನೇ ಬರೆದ ನೇಗಿಲು, ನಾನೇ ಬರೆದ ಅಮ್ಮನ ಪದಕ
ಬೀಗದಾಚೆ ನಿಂತು ಕಾರ್ಡಿನ ಸಂಖ್ಯೆ ಕೇಳುತ್ತಿದ್ದವು.
ಕಟ್ಟಿದೆ. ಇನ್ನೇನು ಮಾಡಲಿ?

ಬೆಳಿಗ್ಗೆ ಶಾಲೆಯ ಮಕ್ಕಳು.
ವಿನ್ಸೆಂಟಿ ಮಗ್ಗ ಬಿಟ್ಟ, ನೆಲ ನಡುಗಿತು,
ಹಾಸಿನೊಳಗೆ ಹೊಕ್ಕು, ಹೊಕ್ಕಿನ ಮೇಲೆ ಹೊಡೆತ,
ಹಠಾತ್ತನೆ ಬಲಗೈಯಿಂದ ಹಿಡಿ ಎಳೆದ.
ಆ ಮೌನಕ್ಕೆ ಮಕ್ಕಳು ಪ್ರತಿಸಲ ಬೆಚ್ಚುತ್ತಾರೆ.
"ದಾರ ಕಡಿದಾಗ ನಿಲ್ಲಿಸಬೇಕಲ್ಲ,
ನೇಯುವವರ ಕೈಗೆ ಎಟುಕೋ ಹಾಗೆ ಇಡಲೇಬೇಕಿತ್ತು ಇದನ್ನ.
ಒಂದು ದಿನ, ಯಾವ ದಾರವೂ ಕಡಿದಿರಲಿಲ್ಲ,
ಇಡೀ ಸಾಲು ಒಟ್ಟಿಗೆ ಎಳೀತು."
ಆಮೇಲೆ, ಕೇಳಿಸುವ ಕಿವಿ ನನ್ನ ಕಡೆ ತಿರುಗಿಸಿ,
"ನಿನ್ನ ಕೋಣೆಯದ್ದಕ್ಕೆ ಹಿಡಿ ಎಲ್ಲಿದೆ, ಹುಡುಕು.
ನಾಮಕರಣ ನಿಧಾನಕ್ಕಾದೀತು."

ಮುದ್ರಕ ಎರಡು ಸಲ ಫೋನ್ ಮಾಡಿದ.
ಪದವೊಂದು ಬಿಟ್ಟು ಉಳಿದದ್ದು ಕಳಿಸಿದೆ.
ಅಷ್ಟರಲ್ಲಿ ಹುಡುಗನೊಬ್ಬ ಹಗ್ಗದಡಿ ನುಸುಳಿ
ಚೀಲದ ಜಿಪ್ ಎಳೆದು ಒಳಗೆ ತಲೆ ಹಾಕಿದ್ದ.
ಗದರಿಸಿದೆ.
"ಇನ್ನೂ ಸೂಪಿನ ವಾಸನೆ ಇದೆ," ಎಂದ.